ಒಂದೇ ಸ್ಟೀಲು, ನಾಲ್ಕು ಯಂತ್ರ, ಮೂರು ಉತ್ತರ. ಯಾವುದನ್ನು ನಂಬಲಿ?

ತುಕ್ಕು_ಹಿಡಿಯದವನು
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಕೂತಿದ್ದೇನೆ. ಸ್ವಲ್ಪ ದಾರಿ ತೋರಿಸಿ.

ನನ್ನ ಹತ್ತಿರ ಡ್ಯೂಪ್ಲೆಕ್ಸ್ ಸ್ಟೇನ್‌ಲೆಸ್ ಸ್ಟೀಲಿನ ಎರಡು ತುಂಡು ಇವೆ. ಎರಡೂ 2205 ಗ್ರೇಡ್. ಒಂದು ಹೊಸದು. ಇನ್ನೊಂದು ವರ್ಷಗಟ್ಟಲೆ ಬಿಸಿಯಲ್ಲಿ ದುಡಿದು ಬಂದದ್ದು. ಎಷ್ಟು ಬಿಸಿ ಅಂತ ಯಾರೂ ಬರೆದಿಟ್ಟಿಲ್ಲ. ಇಂಪ್ಯಾಕ್ಟ್ ಟೆಸ್ಟ್‌ನಲ್ಲಿ ಹೊಸದು ಬಗ್ಗಿತು, ಹಳೆಯದು ಪಟ್ ಅಂತ ಮುರಿಯಿತು. ಒಳಗೆ ಏನೋ ಆಗಿದೆ. ಏನು ಅನ್ನೋದೇ ಗೊತ್ತಾಗುತ್ತಿಲ್ಲ.

ಆಪ್ಟಿಕಲ್ ಮೈಕ್ರೋಸ್ಕೋಪ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ: ಹೆಚ್ಚುಕಡಿಮೆ ಅರ್ಧ ಫೆರೈಟ್, ಅರ್ಧ ಆಸ್ಟೆನೈಟ್, ಅಂದರೆ ಅಣುಗಳ ಜೋಡಣೆ ಬೇರೆಯಾದ ಎರಡು ಬಗೆಯ ಹರಳು. ಇಬಿಎಸ್‌ಡಿ (ಹರಳಿನ ಜೋಡಣೆ ನೋಡುವ ವಿಧಾನ) ಕೂಡ ಅದನ್ನೇ ಹೇಳಿತು. ಎಕ್ಸ್‌ರೇಯಿಂದ ಧಾತು ಗುರುತಿಸುವ ಇಡಿಎಸ್ ಮಾತ್ರ ಹಳೆಯ ತುಂಡಿನಲ್ಲಿ ಎಲ್ಲೆಲ್ಲೂ ಸಲ್ಫರ್ ಇದೆ ಅಂತಿದೆ. ನ್ಯಾನೋಇಂಡೆಂಟೇಶನ್ (ಸಣ್ಣ ಮೊನೆ ಒತ್ತಿ ಗಟ್ಟಿತನ ಅಳೆಯೋದು) ಮಾಡಿಸಿದೆ, ಅಂಕಿಗಳು ಚೆಲ್ಲಾಪಿಲ್ಲಿ. ಒಂದು ಕಡೆ ಸಿಕ್ಕಾಪಟ್ಟೆ ಗಟ್ಟಿ, ಪಕ್ಕದಲ್ಲೇ ಮಾಮೂಲಿ. ಯಾವುದನ್ನು ನಂಬಲಿ?

ಹಳೇ_ಲೆನ್ಸ್
ಸಲ್ಫರ್ ಅಂದಿರಲ್ಲ, ಹೊಸ ತುಂಡಿನಲ್ಲೂ ಇಡಿಎಸ್ ನೋಡಿದ್ರಾ?

ತುಕ್ಕು_ಹಿಡಿಯದವನು
ಇಲ್ಲ ಸರ್. ಮುರಿದದ್ದು ಹಳೆಯದು ಅಂತ ಅದನ್ನೇ ನೋಡಿದೆ.

ಹಳೇ_ಲೆನ್ಸ್
ಹಾಗಾದರೆ ಮೊದಲು ಅದನ್ನು ನೋಡಿ. ಅಲ್ಲೂ "ಸಲ್ಫರ್" ಸಿಗುತ್ತದೆ, ಬರೆದು ಕೊಡ್ತೇನೆ. 2205ರಲ್ಲಿ ಸುಮಾರು ಶೇ 3ರಷ್ಟು ಮಾಲಿಬ್ಡಿನಮ್ ಇದೆ. ಎಕ್ಸ್‌ರೇ ಶಕ್ತಿಯ ಗೆರೆಗಳಲ್ಲಿ ಸಲ್ಫರಿನ ಕೆ ಗೆರೆ 2.31 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಮಾಲಿಬ್ಡಿನಮ್‌ನ ಎಲ್ ಗೆರೆ 2.29 ಹತ್ತಿರ. ಇಡಿಎಸ್ ಡಿಟೆಕ್ಟರಿಗೆ 0.13ರಷ್ಟು ಅಂತರ ಇದ್ದರಷ್ಟೇ ಎರಡು ಗೆರೆ ಬೇರೆಬೇರೆ ಅನ್ನಿಸೋದು. ಅದಕ್ಕೆ ಇವೆರಡೂ ಒಂದೇ ಗುಡ್ಡ. ಗುಡ್ಡಕ್ಕೆ ಸಾಫ್ಟ್‌ವೇರ್ ತನಗೆ ತೋಚಿದ ಹೆಸರು ಇಡುತ್ತದೆ, ನಾವು ನಂಬುತ್ತೇವೆ. ಸೀಸದ ಎಂ ಗೆರೆಯೂ ಅಲ್ಲೇ ಕೂರುತ್ತದೆ, ಇನ್ನೊಂದು ತಾಪತ್ರಯ.

ಎಲೆಕ್ಟ್ರಾನ್ ಬೀಮನ್ನು 25 ಅಥವಾ 30 ಕೆವಿಗೆ ಏರಿಸಿ, 17.5ರ ಹತ್ತಿರ ಮಾಲಿಬ್ಡಿನಮ್‌ನ ಕೆ ಗೆರೆ ಎದ್ದಿತಾ ನೋಡಿ. ಎದ್ದರೆ ಮಾಲಿಬ್ಡಿನಮ್ ಇರೋದು ಖಾತ್ರಿ. ಆಮೇಲೆ ಸಲ್ಫರ್ ಕೂಡ ಇದೆಯಾ ಅನ್ನೋದಕ್ಕೆ ಗೆರೆಗಳನ್ನು ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸುವ ಡಬ್ಲ್ಯುಡಿಎಸ್ ಬೇಕು.

ಮೂರನೇ_ವರ್ಷ
ಅಯ್ಯೋ, ನನ್ನ ಟೈಟಾನಿಯಮ್ ಮಿಶ್ರಲೋಹದ ವೆನೇಡಿಯಮ್ ಮ್ಯಾಪ್ ಕೂಡ ಹೀಗೇ ಮೋಸ ಮಾಡಿತ್ತು. ಟೈಟಾನಿಯಮ್‌ನ ಕೆ ಬೀಟಾ 4.93, ವೆನೇಡಿಯಮ್‌ನ ಕೆ ಆಲ್ಫಾ 4.95. ಆರು ತಿಂಗಳು ಆ ಮ್ಯಾಪನ್ನು ಗೋಡೆಗೆ ಅಂಟಿಸಿಕೊಂಡಿದ್ದೆ 🙈

ಸುಮ್ನೆ_ಓದುವವಳು
ಈಗಲೂ ಇದೆಯಾ ಗೋಡೆ ಮೇಲೆ?

ಮೂರನೇ_ವರ್ಷ
ತಿರುಗಿಸಿ ಅಂಟಿಸಿದ್ದೇನೆ. ಹಿಂಬದಿಯಲ್ಲಿ ಯಂತ್ರದ ಬುಕಿಂಗ್ ವೇಳಾಪಟ್ಟಿ ಬರೆದಿದ್ದೇನೆ.

ಹೊಸ_ಕಣ್ಣು
ಕುರುಡರು ಆನೆ ಮುಟ್ಟಿದ ಕಥೆ ನೆನಪಾಯಿತು. ಒಬ್ಬ ಸೊಂಡಿಲು, ಒಬ್ಬ ಕಾಲು…

ಲೆಕ್ಕದ_ಮೇಷ್ಟ್ರು
ಬಂತು ನೋಡಿ ಆನೆ. ಈ ವಿಷಯ ಎತ್ತಿದರೆ ಹತ್ತನೇ ಕಾಮೆಂಟಿನೊಳಗೆ ಅದು ಬರಲೇಬೇಕು. ಆದರೆ ಇಲ್ಲಿ ಆ ಕಥೆ ಸರಿಹೊಂದೋದಿಲ್ಲ. ಕುರುಡರು ಬೇರೆಬೇರೆ ಜಾಗ ಮುಟ್ಟಿದರು. ಇಲ್ಲಿ ಎಲ್ಲರೂ ಒಂದೇ ಜಾಗ ಮುಟ್ಟಿದರೂ ಮುಟ್ಟುವ ಆಳ ಬೇರೆ.

20 ಕೆವಿ ಬೀಮ್ ಸ್ಟೀಲಿನೊಳಗೆ ಸುಮಾರು ಒಂದೂವರೆ ಮೈಕ್ರಾನ್ ಇಳಿಯುತ್ತದೆ. ಇಡಿಎಸ್ ಎಕ್ಸ್‌ರೇ ಬರೋದು ಆ ಇಡೀ ಗುಡಾಣದಿಂದ. ಅದೇ ಬೀಮಿನಲ್ಲಿ, ಅದೇ ಪಾಯಿಂಟಿನಲ್ಲಿ ಇಬಿಎಸ್‌ಡಿ ಸಿಗ್ನಲ್ ಬರೋದು ಮೇಲಿನ ಕೆಲವು ಹತ್ತು ನ್ಯಾನೋಮೀಟರಿನಿಂದ ಮಾತ್ರ. ಎಎಫ್‌ಎಂ ತನ್ನ ಸೂಜಿಯಿಂದ ಮೇಲ್ಮೈಯನ್ನಷ್ಟೇ ಸವರುತ್ತದೆ. ನ್ಯಾನೋಇಂಡೆಂಟರ್ 200 ನ್ಯಾನೋಮೀಟರ್ ಒತ್ತಿದರೂ ಸುತ್ತ ಅದಕ್ಕಿಂತ ಹಲವು ಪಟ್ಟು ದೂರದವರೆಗೆ ಲೋಹ ಹಿಸುಕುತ್ತದೆ. ಪರದೆ ಮೇಲೆ ನಾಲ್ಕೂ ಚಿತ್ರ ಒಂದರ ಮೇಲೊಂದು ಕೂತವು ಅಂತ ಖುಷಿಪಡಬೇಡಿ. ಜಾಗ ಒಂದೇ ಆದರೂ ನೋಡಿದ ಗಾತ್ರ ಒಂದೇ ಅಲ್ಲ.

ಹೊಸ_ಕಣ್ಣು
ಸರಿ ಮೇಷ್ಟ್ರೇ, ಆನೆ ವಾಪಸ್ ಕರೆದುಕೊಂಡೆ.

ಕತ್ತಲೆಕೋಣೆ
ನನಗೆ ಮೊದಲು ಸಿಗ್ಮಾ ಫೇಸ್ ಮೇಲೆ ಅನುಮಾನ, ಸ್ಟೀಲನ್ನು ಪೆಡಸು ಮಾಡುವ ಇನ್ನೊಂದು ಬಗೆಯ ಹರಳು. ಡ್ಯೂಪ್ಲೆಕ್ಸ್ ಬಿಸಿಯಾಗಿ ಮುರಿಯಿತು ಅಂದ ಕೂಡಲೇ ಎಲ್ಲರೂ ಅದನ್ನೇ ಹುಡುಕೋದು. 850 ಡಿಗ್ರಿ ಆಸುಪಾಸಿನಲ್ಲಿ ಅದು ಬೇಗ ಹುಟ್ಟುತ್ತದೆ. ಬ್ಯಾಕ್‌ಸ್ಕ್ಯಾಟರ್ ಇಮೇಜ್‌ನಲ್ಲಿ ಫೆರೈಟ್ ಸ್ವಲ್ಪ ಕಪ್ಪು, ಆಸ್ಟೆನೈಟ್ ಸ್ವಲ್ಪ ಬಿಳಿ, ಸಿಗ್ಮಾ ಇದ್ದರೆ ಎದ್ದು ಹೊಳೆಯುತ್ತದೆ, ಮಾಲಿಬ್ಡಿನಮ್ ಅಲ್ಲಿ ಸೇರಿಕೊಳ್ಳುವುದರಿಂದ. ಎಚ್ಚಿಂಗ್ (ಆಮ್ಲದ ಕೊರೆತ) ಮಾಡದ, ಚೆನ್ನಾಗಿ ಪಾಲಿಶ್ ಆದ ಮೇಲ್ಮೈ ಬೇಕು. ಗ್ರೇನ್ (ಲೋಹದ ಒಂದೊಂದು ಹರಳು) ಗಡಿಗಳಲ್ಲಿ ಬಿಳಿ ತುಣುಕು ಏನಾದರೂ ಕಂಡವಾ?

ತುಕ್ಕು_ಹಿಡಿಯದವನು
ಇವತ್ತು ಮತ್ತೆ ನೋಡಿದೆ. ಇಲ್ಲ. ಬರೀ ಎರಡು ಬೂದು ಬಣ್ಣ, ಗಡಿಗಳು ಸ್ವಚ್ಛ. ಹಾಗೇ ಹೊಸ ತುಂಡಿನ ಇಡಿಎಸ್ ಕೂಡ ಮಾಡಿದೆ. ಅದರಲ್ಲೂ "ಸಲ್ಫರ್". ಹಳೇ ಲೆನ್ಸ್ ಸರ್‌ಗೆ ಶರಣು.

ಹಳೇ_ಲೆನ್ಸ್
😄

ಹಾಗಾದರೆ ಸಿಗ್ಮಾ ಅಲ್ಲ. ಈಗ ಯೋಚಿಸಿ. ಮೈಕ್ರೋಸ್ಕೋಪಿಗೆ ಏನೂ ಕಾಣುತ್ತಿಲ್ಲ, ಆದರೂ ಗಟ್ಟಿಯಾಗಿದೆ, ಆದರೂ ಮುರಿಯುತ್ತದೆ. ನಮ್ಮ ಕಾಲದವರು ಇದಕ್ಕೆ 475 ಡಿಗ್ರಿ ಕಾಯಿಲೆ ಅಂತಿದ್ದೆವು. 300ರಿಂದ 500 ಚಿಲ್ಲರೆ ಡಿಗ್ರಿಯವರೆಗೆ ಬಹಳ ದಿನ ಇಟ್ಟರೆ ಫೆರೈಟ್ ಒಳಗೊಳಗೇ ಒಡೆಯುತ್ತದೆ. ಕ್ರೋಮಿಯಮ್ ಒಂದು ಕಡೆ ಗುಂಪು ಕಟ್ಟುತ್ತದೆ, ಕಬ್ಬಿಣ ಇನ್ನೊಂದು ಕಡೆ. ಕ್ರೋಮಿಯಮ್ ಜಾಸ್ತಿ ಇರುವ ಆ ಭಾಗಕ್ಕೆ ಆಲ್ಫಾ ಪ್ರೈಮ್ ಅಂತ ಹೆಸರು. ಗಾತ್ರ ಕೆಲವೇ ನ್ಯಾನೋಮೀಟರ್.

ಮೂರನೇ_ವರ್ಷ
ಹಾಗಿದ್ದರೆ ಇಬಿಎಸ್‌ಡಿಗೆ ಯಾಕೆ ಸಿಗಲಿಲ್ಲ? ಅದು ಫೇಸ್ ಗುರುತಿಸೋದಕ್ಕೇ ಇರೋದಲ್ವಾ?

ಕತ್ತಲೆಕೋಣೆ
ಇಬಿಎಸ್‌ಡಿ ನೋಡೋದು ಅಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ, ಯಾವ ಅಣು ಅಂತ ಅಲ್ಲ. ಫೆರೈಟ್ ಜೋಡಣೆ ಬಿಸಿಸಿ (ಘನದ ಮೂಲೆಗಳಲ್ಲೂ ನಡುವೆಯೂ ಅಣು), ಆಲ್ಫಾ ಪ್ರೈಮ್ ಕೂಡ ಬಿಸಿಸಿ. ಅಣುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಅದರ ಕಣ್ಣಿಗೆ ಎರಡೂ ಒಂದೇ. ಸಾಲದ್ದಕ್ಕೆ ಐದು ನ್ಯಾನೋಮೀಟರ್ ಅಂದರೆ ಅದರ ಕೈಗೆ ಸಿಗದಷ್ಟು ಚಿಕ್ಕದು.

ಲೆಕ್ಕದ_ಮೇಷ್ಟ್ರು
ಇಡಿಎಸ್‌ಗೂ ಅಷ್ಟೇ. ಒಂದು ಮೈಕ್ರಾನ್ ಘನದಲ್ಲಿ 5 ನ್ಯಾನೋಮೀಟರಿನ ಘನಗಳು ಎಷ್ಟು ಕೂರುತ್ತವೆ? 200 ಗುಣಿಸು 200 ಗುಣಿಸು 200, ಅಂದರೆ 80 ಲಕ್ಷ. ಆ 80 ಲಕ್ಷದ ಸರಾಸರಿಯನ್ನು ಇಡಿಎಸ್ ನಿಮಗೆ ಒಂದು ಅಂಕಿ ಮಾಡಿ ಕೊಟ್ಟಿದೆ. ಕ್ರೋಮಿಯಮ್ ಎಲ್ಲಿಗೂ ಹೋಗಿಲ್ಲ, ಬರೀ ಜಾಗ ಬದಲಿಸಿದೆ. ಸರಾಸರಿ ಬದಲಾಗೋದು ಹೇಗೆ?

ಬಣ್ಣದ_ಗೆರೆ
ಬೆಳಕು ಚೆದುರುವ ಬಗೆ ನೋಡುವ ರಾಮನ್ ಮೈಕ್ರೋಸ್ಕೋಪ್‌ನಲ್ಲಿ ಹಾಕಿ ನೋಡಬಹುದಲ್ಲ? ನಮ್ಮಲ್ಲಿ ಟೈಟಾನಿಯಮ್ ಡೈಆಕ್ಸೈಡ್‌ಗೆ ಅದೇ ಗತಿ. ಅನಟೇಸ್, ರೂಟೈಲ್ ಎರಡೂ ಅದೇ ರಾಸಾಯನಿಕ, ಇಡಿಎಸ್‌ಗೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ರಾಮನ್‌ನಲ್ಲಿ 144ರಲ್ಲಿ ಎತ್ತರದ ಗೆರೆ ಬಂದರೆ ಅನಟೇಸ್, 447 ಮತ್ತು 612 ಬಂದರೆ ರೂಟೈಲ್. ಎರಡು ನಿಮಿಷದ ಕೆಲಸ.

ಹಳೇ_ಲೆನ್ಸ್
ಆಕ್ಸೈಡ್‌ಗೆ ಚಿನ್ನದಂಥ ಉಪಾಯ. ಆದರೆ ಇದು ಲೋಹ. ಸಾದಾ ಬಿಸಿಸಿ ಕಬ್ಬಿಣದಂಥ ಲೋಹದಲ್ಲಿ ಮೂಲ ಕೋಶಕ್ಕೆ ಒಂದೇ ಅಣು, ರಾಮನ್ ಗೆರೆ ಬರೋದಿಲ್ಲ. ಸ್ಟೀಲಿನ ಮೇಲೆ ಗೆರೆ ಬಂತು ಅಂದರೆ ನೀವು ನೋಡುತ್ತಿರೋದು ಮೇಲಿನ ತುಕ್ಕನ್ನು.

ಬಣ್ಣದ_ಗೆರೆ
ಒಪ್ಪಿದೆ. 1928ರಿಂದ ಇರುವ ವಿದ್ಯೆ ಅಂತ ಎಲ್ಲದಕ್ಕೂ ಹಾಕಲು ಹೊರಟೆ.

ಗುದ್ದುಗುಳಿ
ಇಂಡೆಂಟೇಶನ್ ನನ್ನ ಹೊಟ್ಟೆಪಾಡು, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ನಿಮ್ಮ ಅಂಕಿಗಳು ಚೆಲ್ಲಾಪಿಲ್ಲಿ ಅಂದಿರಿ. ನನಗೆ ಹಾಗನ್ನಿಸುತ್ತಿಲ್ಲ. ಎರಡು ಗುಂಪು ಸೇರಿ ಒಂದೇ ಅಂತ ಕಾಣುತ್ತಿರಬಹುದು. ಗಟ್ಟಿ ಬಂದದ್ದೆಲ್ಲ ಫೆರೈಟ್, ಮಾಮೂಲಿ ಬಂದದ್ದೆಲ್ಲ ಆಸ್ಟೆನೈಟ್ ಆಗಿದ್ದರೆ? ಸರಾಸರಿ ತೆಗೆಯಬೇಡಿ. ಒಂದೊಂದು ಗುಳಿ ಯಾವ ಗ್ರೇನಿನ ಮೇಲೆ ಬಿದ್ದಿದೆ ಅಂತ ಇಬಿಎಸ್‌ಡಿ ಮ್ಯಾಪ್ ಮೇಲೆ ಕೂರಿಸಿ ನೋಡಿ. ಇಬಿಎಸ್‌ಡಿಗೆ ಒಂಟಿಯಾಗಿ ಕಾಯಿಲೆ ಕಾಣಲಿಲ್ಲ ನಿಜ. ಆದರೆ ಕಾಯಿಲೆ ಯಾರಿಗೆ ಬಂದಿದೆ ಅನ್ನೋದನ್ನು ಅದು ಹೇಳುತ್ತದೆ. ಗಟ್ಟಿತನ ಹೇಳೋದು ಇಂಡೆಂಟರ್, ಹೆಸರು ಹೇಳೋದು ಇಬಿಎಸ್‌ಡಿ.

ಗುಳಿಗಳ ನಡುವೆ ಆಳದ ಹತ್ತು ಪಟ್ಟಾದರೂ ಅಂತರ ಇರಲಿ. 200 ನ್ಯಾನೋಮೀಟರ್ ಒತ್ತಿದರೆ ಕನಿಷ್ಠ 2 ಮೈಕ್ರಾನ್. ಗ್ರೇನ್ ಗಡಿಯ ಪಕ್ಕ ಬಿದ್ದದ್ದನ್ನು ಮುಲಾಜಿಲ್ಲದೆ ಬಿಸಾಕಿ. ಮತ್ತೆ, ಮೇಲೆ ಫೆರೈಟ್ ಕಂಡಿತು ಅಂತ ಕೆಳಗೂ ಫೆರೈಟೇ ಇರಬೇಕು ಅಂತಿಲ್ಲ. ಒಂದು ಮೈಕ್ರಾನ್ ಕೆಳಗೆ ಆಸ್ಟೆನೈಟ್ ಮಲಗಿರಬಹುದು. ಅನುಮಾನ ಬಂದ ಗುಳಿಯನ್ನು ಫೋಕಸ್ಡ್ ಅಯಾನ್ ಬೀಮಿನಲ್ಲಿ ಸೀಳಿ ನೋಡಿದ್ದೇವೆ. ನಾಲ್ಕರಲ್ಲಿ ಒಂದು ಹಾಗೆ ಸಿಕ್ಕಿತ್ತು.

ತುಕ್ಕು_ಹಿಡಿಯದವನು
ಆದರೆ ನಾನು ಇಬಿಎಸ್‌ಡಿ ಮಾಡಿದ್ದು ಒಂದು ಕಡೆ, ಇಂಡೆಂಟ್ ಮಾಡಿಸಿದ್ದು ಬೇರೆ ಕಡೆ. ಎಲ್ಲಾ ಮತ್ತೆ ಮಾಡಬೇಕು ಅಂತಾಯಿತು.

ಗುದ್ದುಗುಳಿ
ಮಾಡಬೇಕು. ಬೇಜಾರು ಬೇಡ, ಎಲ್ಲರೂ ಒಂದು ಸಲ ಹೀಗೆ ಮಾಡಿದವರೇ. ಮೊದಲು ಇಂಡೆಂಟ್ ಮಾಡಿ, ಆಮೇಲೆ ಇಬಿಎಸ್‌ಡಿ.

ಕತ್ತಲೆಕೋಣೆ
ಉಲ್ಟಾ. ಮೊದಲು ಇಬಿಎಸ್‌ಡಿ. ಗುಳಿ ಬಿದ್ದ ಮೇಲೆ ಸುತ್ತಲಿನ ಲೋಹ ಹಿಸುಕಿ ಪ್ಯಾಟರ್ನ್ ಮಸುಕಾಗುತ್ತದೆ. ಆಸ್ಟೆನೈಟ್ ಮೊದಲೇ ನಾಜೂಕು.

ಗುದ್ದುಗುಳಿ
ಬೀಮ್ ಓಡಾಡಿದ ಜಾಗದಲ್ಲಿ ಕಪ್ಪು ಚೌಕ ಬೀಳೋದಿಲ್ವಾ? ಅದು ಇಂಗಾಲದ ಪದರ. ಅದರ ಮೇಲೆ ನಾನು ಸೂಜಿ ಒತ್ತಬೇಕಾ?

ಕತ್ತಲೆಕೋಣೆ
ಪ್ಲಾಸ್ಮಾ ಕ್ಲೀನರ್ ಅಂತ ಒಂದಿದೆ ಮಾರಾಯ್ರೆ. ಮತ್ತೆ 200 ನ್ಯಾನೋಮೀಟರ್ ಒತ್ತುವವರಿಗೆ ಕೆಲವು ನ್ಯಾನೋಮೀಟರ್ ಇಂಗಾಲದ ಭಯ ಯಾಕೆ?

ಗುದ್ದುಗುಳಿ
ಮೇಲ್ಮೈ ಎಲ್ಲಿ ಶುರು ಅಂತ ಯಂತ್ರ ಗುರುತು ಮಾಡೋದೇ ಆ ಮೊದಲ ಕೆಲವು ನ್ಯಾನೋಮೀಟರಿನಲ್ಲಿ. ಅಲ್ಲಿ ತಪ್ಪಿದರೆ ಆಳದ ಲೆಕ್ಕವೆಲ್ಲ ತಪ್ಪು.

ಸುಮ್ನೆ_ಓದುವವಳು
ಇಬ್ಬರೂ ಒಂದೇ ಲ್ಯಾಬಿನವರಾ? ಜಗಳ ನೋಡಿದರೆ ಹಾಗನ್ನಿಸುತ್ತೆ.

ಹೊಳಪು_ಬಟ್ಟೆ
ಇಬ್ಬರದೂ ಸರಿ. ಇಲ್ಲಿ ಗ್ರೇನಿಗೆ ಹೆಸರು ಸಿಕ್ಕರೆ ಸಾಕು, ಗುಳಿಯ ಸುತ್ತ ಪ್ಯಾಟರ್ನ್ ಮಸುಕಾದರೂ ಗ್ರೇನಿನ ಉಳಿದ ಭಾಗ ಹೇಳುತ್ತದೆ. ಅದಕ್ಕೆ ಇಂಡೆಂಟ್ ಮೊದಲು ಅನ್ನೋದು ನನ್ನ ಓಟು. ಗುಳಿಯ ಸುತ್ತಲಿನ ಸೆಳೆತ ಅಳೆಯೋದೇ ಕೆಲಸ ಅಂದರೆ ಇಬಿಎಸ್‌ಡಿ ಮೊದಲೂ ಬೇಕು, ಆಮೇಲೂ ಬೇಕು.

ಆದರೆ ಯಾರೂ ಪಾಲಿಶ್ ಬಗ್ಗೆ ಕೇಳಲೇ ಇಲ್ಲ! ಡೈಮಂಡ್ ಪೇಸ್ಟಿನಲ್ಲೇ ನಿಲ್ಲಿಸಿದರೆ ಆಸ್ಟೆನೈಟಿನ ಮೇಲೆ ಉಜ್ಜಿ ಗಟ್ಟಿಯಾದ ಪದರ ಉಳಿಯುತ್ತದೆ. ಇಂಡೆಂಟರ್ ಆ ಪದರವನ್ನು ಅಳೆಯುತ್ತದೆ, ನಿಮ್ಮ ಸ್ಟೀಲನ್ನಲ್ಲ. ಕೊನೆಗೆ ಕೊಲಾಯ್ಡಲ್ ಸಿಲಿಕಾದಲ್ಲಿ ನಿಧಾನಕ್ಕೆ ಉಜ್ಜಿ. ಮುಗಿದ ಕೂಡಲೇ ತೊಳೆಯಿರಿ. ಒಣಗಲು ಬಿಟ್ಟರೆ ಆ ಸಿಲಿಕಾ ಕಲ್ಲಿನಂತೆ ಕೂರುತ್ತದೆ, ಆಮೇಲೆ ಎಎಫ್‌ಎಂನಲ್ಲಿ "ನ್ಯಾನೋಕಣ ಸಿಕ್ಕಿತು" ಅಂತ ಕುಣಿಯುತ್ತೀರಿ.

ಮೂರನೇ_ವರ್ಷ
ಕುಣಿದಿದ್ದೇನೆ.

ಲೆಕ್ಕದ_ಮೇಷ್ಟ್ರು
ಗುರುತಿನ ವಿಷಯ ಹೇಳಿಬಿಡ್ತೇನೆ, ಎಲ್ಲಕ್ಕಿಂತ ಜಾಸ್ತಿ ಕೈಕೊಡೋದು ಅದೇ.

ಹಿಂದೆ ನಾವು ಒಂದು ಸ್ಯಾಂಪಲ್ ಮೇಲೆ ನಾಲ್ಕು ಮೂಲೆಗೆ ನಾಲ್ಕು ವಿಕರ್ಸ್ ಗುಳಿ ಹಾಕಿದ್ದೆವು. ಅಚ್ಚುಕಟ್ಟಾದ ಚೌಕ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಸ್ಯಾಂಪಲ್ 180 ಡಿಗ್ರಿ ತಿರುಗಿತ್ತು. ಚೌಕ ತಿರುಗಿದರೂ ಚೌಕವೇ ಅಲ್ವಾ? ಎರಡು ಮ್ಯಾಪ್ ಚೆಂದಕ್ಕೆ ಒಂದರ ಮೇಲೊಂದು ಕೂತವು. ಗಟ್ಟಿ ಗ್ರೇನೆಲ್ಲ ಮೆತ್ತಗೆ, ಮೆತ್ತಗಿನದೆಲ್ಲ ಗಟ್ಟಿ. ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿದ್ದೆವು. ಈಗ ಎಲ್ ಆಕಾರಕ್ಕೇ ಹಾಕೋದು, ಒಂದು ಕೈ ಉದ್ದ, ಒಂದು ಕೈ ಗಿಡ್ಡ. ತಿರುಗಿದರೂ ಗೊತ್ತಾಗುತ್ತದೆ, ಕನ್ನಡಿ ಬಿಂಬ ಆದರೂ ಗೊತ್ತಾಗುತ್ತದೆ.

ಇನ್ನೊಂದು. ಇಬಿಎಸ್‌ಡಿಗೆ ಸ್ಯಾಂಪಲ್ 70 ಡಿಗ್ರಿ ವಾಲಿರುತ್ತದೆ. ಹಾಗೆ ಕುಗ್ಗಿ ಕಾಣುವ ಚಿತ್ರವನ್ನು ಸಾಫ್ಟ್‌ವೇರ್ ಎಳೆದು ನೇರ ಮಾಡುತ್ತದೆ. ನಿಜಕ್ಕೂ 71 ಡಿಗ್ರಿ ವಾಲಿದ್ದರೆ ಆ ದಿಕ್ಕಿನಲ್ಲಿ ಸುಮಾರು ಶೇ 5ರಷ್ಟು ತಪ್ಪು. 200 ಮೈಕ್ರಾನಿನ ಮ್ಯಾಪ್‌ನಲ್ಲಿ 10 ಮೈಕ್ರಾನ್. ಅಷ್ಟರಲ್ಲಿ ಒಂದು ಗ್ರೇನೇ ದಾಟಿಹೋಗುತ್ತದೆ. ಒಂದು ಮ್ಯಾಪನ್ನು ಇನ್ನೊಂದರ ಮೇಲೆ ಕೂರಿಸಲು ಮೂರು ಪಾಯಿಂಟ್ ಸಾಕು. ಆದರೆ ಮೂರರಲ್ಲಿ ಕೂರಿಸಿದರೆ ತಪ್ಪು ಯಾವತ್ತೂ ಸೊನ್ನೆಯೇ ತೋರಿಸುತ್ತದೆ. ನಾಲ್ಕನೆಯದು, ಐದನೆಯದು ಪರೀಕ್ಷೆಗೆ ಇಟ್ಟುಕೊಳ್ಳಿ.

ಹೊಸ_ಕಣ್ಣು
ಆ ಸಿದ್ಧಾಂತ ಏನಾಯಿತು ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು
ಅದನ್ನು ಕೇಳಬಾರದು.

ಸೂಜಿಮೊನೆ
ತಡವಾಗಿ ಬಂದೆ. ಮ್ಯಾಗ್ನೆಟಿಕ್ ಫೋರ್ಸ್ ಮೈಕ್ರೋಸ್ಕೋಪಿ ಸಿಗುತ್ತದಾ ನೋಡಿ, ಎಎಫ್‌ಎಂ ಯಂತ್ರದಲ್ಲೇ ಕಾಂತದ ಲೇಪ ಇರುವ ಸೂಜಿ ಹಾಕೋದು ಅಷ್ಟೇ. ಫೆರೈಟ್‌ಗೆ ಕಾಂತ ಗುಣ ಇದೆ, ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಆಸ್ಟೆನೈಟ್ ಬೋಳು. ವ್ಯಾಕ್ಯೂಮ್ ಬೇಡ, ಇಂಗಾಲದ ಕಪ್ಪು ಚೌಕ ಬೀಳೋದಿಲ್ಲ. ಇಂಡೆಂಟ್ ಮಾಡುವ ಮೊದಲೇ ಯಾವುದು ಯಾವ ಗ್ರೇನ್ ಅಂತ ಗೊತ್ತಾಗುತ್ತದೆ, ಮೇಲಿನ ಜಗಳವೂ ಬಗೆಹರಿಯುತ್ತದೆ.

ಗುದ್ದುಗುಳಿ
ಇದು ಒಳ್ಳೆ ಐಡಿಯಾ.

ಕತ್ತಲೆಕೋಣೆ
ಗ್ರೇನ್ ಯಾವ ದಿಕ್ಕಿಗಿದೆ ಅಂತ ಅದು ಹೇಳುತ್ತದಾ? ಹೇಳೋದಿಲ್ಲ. ದಿಕ್ಕು ಬದಲಾದರೂ ಗಟ್ಟಿತನ ಬದಲಾಗುತ್ತದೆ. ಇಬಿಎಸ್‌ಡಿ ಬಿಟ್ಟರೆ ಗತಿ ಇಲ್ಲ 😌

ಮೂರನೇ_ವರ್ಷ
ಆಲ್ಫಾ ಪ್ರೈಮ್ ನೇರವಾಗಿ ಕಣ್ಣಿಗೆ ಕಾಣಬೇಕು ಅಂದರೆ? ಟೆಮ್ (ಎಲೆಕ್ಟ್ರಾನ್ ಆರಪಾರ ಹಾಯಿಸುವ ಮೈಕ್ರೋಸ್ಕೋಪ್) ಸಾಕಾ?

ಸೂಜಿಮೊನೆ
ಟೆಮ್‌ನಲ್ಲಿ ಕಷ್ಟ. ಕಬ್ಬಿಣ 26, ಕ್ರೋಮಿಯಮ್ 24, ಪರಮಾಣು ಸಂಖ್ಯೆ ಅಕ್ಕಪಕ್ಕ. ಜೋಡಣೆ ಕೂಡ ಒಂದೇ. ಸ್ವಲ್ಪ ಮಚ್ಚೆಮಚ್ಚೆ ಕಂಡರೂ ಅದು ಆಲ್ಫಾ ಪ್ರೈಮೋ, ಸ್ಯಾಂಪಲ್ ತೆಳು ಮಾಡುವಾಗ ಆದ ಗಾಯವೋ ಅಂತ ವಾದ ಶುರುವಾಗುತ್ತದೆ. ಇದಕ್ಕೆ ಹೇಳಿ ಮಾಡಿಸಿದ್ದು ಆಟಮ್ ಪ್ರೋಬ್. ಫೆರೈಟ್ ಗ್ರೇನಿನಿಂದ ಸೂಜಿ ಕೆತ್ತಿ, ತುದಿಯಿಂದ ಒಂದೊಂದೇ ಅಣು ಹಾರಿಸಿ ಎಣಿಸೋದು. ಎಲ್ಲವೂ ಸಿಗೋದಿಲ್ಲ, ಡಿಟೆಕ್ಟರ್ ಒಂದಷ್ಟು ಪಾಲನ್ನು ಬಿಡುತ್ತದೆ. ಆದರೂ ಕ್ರೋಮಿಯಮ್ ಗುಂಪು ಕಟ್ಟಿದೆಯಾ ಇಲ್ಲವಾ ಅನ್ನೋದು ಸ್ಪಷ್ಟ.

ಲೆಕ್ಕದ_ಮೇಷ್ಟ್ರು
80 ನ್ಯಾನೋಮೀಟರ್ ದಪ್ಪ, 200 ಉದ್ದದ ಸೂಜಿ ಅಂತ ಇಟ್ಟುಕೊಳ್ಳಿ. ಒಂದು ಘನ ಸೆಂಟಿಮೀಟರ್ ಸ್ಟೀಲಿನಲ್ಲಿ ಅಂಥವು ಎಷ್ಟು? 1ರ ಮುಂದೆ 15 ಸೊನ್ನೆ. ಅದರಲ್ಲಿ ಒಂದನ್ನು ನೋಡಿ ಇಡೀ ತುಂಡಿನ ಜಾತಕ ಹೇಳಬೇಡಿ.

ಸೂಜಿಮೊನೆ
ಅದಕ್ಕೇ ತಾನೇ ಇಂಡೆಂಟೇಶನ್ ಮೊದಲು ಮಾಡಿ ಅನ್ನೋದು. ನೂರು ಕಡೆ ಒತ್ತಿ, ಎಲ್ಲಾ ಫೆರೈಟ್ ಗ್ರೇನೂ ಗಟ್ಟಿ ಅಂತ ಗೊತ್ತಾದ ಮೇಲೆ ಒಂದು ಸೂಜಿ ತೆಗೆದರೆ ಆ ಸೂಜಿಗೆ ಬೆಲೆ.

ಹಳೇ_ಲೆನ್ಸ್
ಅದಕ್ಕೂ ಮೊದಲು ಒಂದು ಬಡವರ ಪರೀಕ್ಷೆ ಇದೆ. ಹಳೆಯ ತುಂಡಿನ ಒಂದು ಚೂರನ್ನು 550 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ನೀರಿಗೆ ಹಾಕಿ. ಆಲ್ಫಾ ಪ್ರೈಮ್ ಆದರೆ ಕರಗಿ, ಗಟ್ಟಿತನ ಇಳಿಯುತ್ತದೆ. ಸಿಗ್ಮಾ ಆ ಬಿಸಿಗೆ ಅಲ್ಲಾಡೋದಿಲ್ಲ.

ತುಕ್ಕು_ಹಿಡಿಯದವನು
ಐದು ವಾರ ಬಿಟ್ಟು ಬರುತ್ತಿದ್ದೇನೆ, ಕ್ಷಮೆ ಇರಲಿ.

ಎರಡೂ ತುಂಡನ್ನು ಕೊಲಾಯ್ಡಲ್ ಸಿಲಿಕಾವರೆಗೆ ಉಜ್ಜಿದೆ. ಎಲ್ ಗುರುತು ಹಾಕಿದೆ. ಕಾಂತದ ಸೂಜಿ ಸಿಗಲಿಲ್ಲ, ಅದಕ್ಕೆ ಗುದ್ದುಗುಳಿ ಹೇಳಿದ ಹಾಗೆ ಇಂಡೆಂಟ್ ಮೊದಲು, ಇಬಿಎಸ್‌ಡಿ ಆಮೇಲೆ. ಒಂದೊಂದರಲ್ಲೂ 144 ಗುಳಿ. ಗಡಿ ಹತ್ತಿರ ಬಿದ್ದದ್ದನ್ನು ತೆಗೆದರೆ ಮುಕ್ಕಾಲು ಪಾಲು ಉಳಿದವು. ಮ್ಯಾಪ್ ಮೊದಲು ಕೂರಲೇ ಇಲ್ಲ, ಐದನೇ ಪಾಯಿಂಟಿನಲ್ಲಿ 6 ಮೈಕ್ರಾನ್ ತಪ್ಪು. ವಾಲಿಕೆ ಸರಿ ಮಾಡಿದ ಮೇಲೆ ಅರ್ಧ ಮೈಕ್ರಾನಿಗೆ ಇಳಿಯಿತು.

ಆಮೇಲೆ ಬಣ್ಣ ಹಚ್ಚಿ ನೋಡಿದೆ. ಆಸ್ಟೆನೈಟ್ ಹೊಸದರಲ್ಲೂ ಹಳೆಯದರಲ್ಲೂ ಒಂದೇ. ಫೆರೈಟ್ ಮಾತ್ರ ಹಳೆಯದರಲ್ಲಿ ಮೂರನೇ ಒಂದು ಪಾಲಿನಷ್ಟು ಜಾಸ್ತಿ ಗಟ್ಟಿ. ಚೆಲ್ಲಾಪಿಲ್ಲಿ ಅಂದುಕೊಂಡಿದ್ದು ಎರಡು ಚೊಕ್ಕ ಗುಡ್ಡ. 550ರ ಪರೀಕ್ಷೆಯೂ ಆಯಿತು. ಫೆರೈಟ್ ಮತ್ತೆ ಹೊಸದರ ಹತ್ತಿರ ಬಂತು.

ಗುದ್ದುಗುಳಿ
ಇಂಡೆಂಟ್ ಮೊದಲು. ಎಲ್ಲರೂ ಗಮನಿಸಿ.

ಕತ್ತಲೆಕೋಣೆ
ಕಾಂತದ ಸೂಜಿ ಸಿಗಲಿಲ್ಲ, ಕೊನೆಗೆ ಹೆಸರು ಹೇಳಿದ್ದು ಇಬಿಎಸ್‌ಡಿ. ಅದನ್ನೂ ಗಮನಿಸಿ.

ಸೂಜಿಮೊನೆ
ಆಟಮ್ ಪ್ರೋಬ್?

ತುಕ್ಕು_ಹಿಡಿಯದವನು
ಮೊದಲ ಮೂರು ಸೂಜಿ ವೋಲ್ಟೇಜ್ ಏರಿಸುವಾಗಲೇ ಮುರಿದವು. ನಾಲ್ಕನೆಯದು ಈಗ ಓಡುತ್ತಿದೆ. ಕ್ರೋಮಿಯಮ್ ಒಂದೇ ಸಮ ಹರಡಿದೆ, ಗುಂಪು ಕಾಣುತ್ತಿಲ್ಲ. ತಲೆಬಿಸಿ.

ಲೆಕ್ಕದ_ಮೇಷ್ಟ್ರು
ಸೂಜಿ ತೆಗೆದದ್ದು ಯಾವ ಗ್ರೇನಿನಿಂದ?

ತುಕ್ಕು_ಹಿಡಿಯದವನು
ಒಂದು ನಿಮಿಷ, ಮ್ಯಾಪ್ ತೆಗೆದು ನೋಡ್ತೇನೆ.

ತುಕ್ಕು_ಹಿಡಿಯದವನು
ಎಲ್‌ನ ಉದ್ದದ ಕೈ ಎಡಗಡೆ ಇರಬೇಕಿತ್ತು. ಅಯಾನ್ ಬೀಮ್ ಯಂತ್ರದ ಫೋಟೋದಲ್ಲಿ ಬಲಗಡೆ ಇದೆ. ಆಸ್ಟೆನೈಟ್ ಕೆತ್ತಿದ್ದೇನೆ.

ಹೊಸ_ಕಣ್ಣು
ಮೇಷ್ಟ್ರೇ, ಈಗಲಾದರೂ ಆ ಸಿದ್ಧಾಂತ ಹೇಳಿ.